ತೊನ್ನು: ಭೀತಿಯೂ ಚಿಕಿತ್ಸೆಯೂ

ಮನೆಗೆ ಬರುವ ಕಾಯಿಲೆಗಳಲ್ಲಿ ಕೆಲವನ್ನು ನಾವು ನೆರೆಹೊರೆಯವರೊಡನೆ ಹೇಳಿಕೊಳ್ಳುತ್ತೇವೆ. ಕೆಲವನ್ನು ಹತ್ತಿರದ ನೆಂಟರಿಂದಲೂ ಬಚ್ಚಿಡುತ್ತೇವೆ. ಜ್ವರ, ಕೆಮ್ಮು, ಹೊಟ್ಟೆನೋವುಗಳ ವಿಷಯದಲ್ಲಿ ಯಾರಿಗೂ ಸಂಕೋಚವಿಲ್ಲ. ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳಂತೂ ನಾಲ್ಕು ಮಂದಿ ಸೇರಿದಲ್ಲಿ ಹರಟೆಯ ವಿಷಯಗಳೇ ಆಗಿಬಿಟ್ಟಿವೆ. ಆದರೆ ಮಗಳ ಮೊಣಕಾಲಿನ ಮೇಲೋ ತುಟಿಯ ಅಂಚಿನಲ್ಲೋ ರಾಗಿಕಾಳಿನಷ್ಟು ಬಿಳಿಯ ಮಚ್ಚೆಯೊಂದು ಕಾಣಿಸಿಕೊಂಡಿತೆಂದರೆ ಮನೆಯಲ್ಲಿ ಮಾತಿನ ದನಿಯೇ ತಗ್ಗಿಹೋಗುತ್ತದೆ. ತಾಯಿ ಅದನ್ನು ದಿನಕ್ಕೆ ಹತ್ತು ಸಲ ಬೆಳಕಿಗೆ ಹಿಡಿದು ನೋಡುತ್ತಾಳೆ. ತಂದೆ ಏನೂ ಆಗಿಲ್ಲವೆಂಬಂತೆ ಪತ್ರಿಕೆ ಓದುತ್ತಾನೆ. ಅಜ್ಜಿ ಯಾರ ಕಡೆಯಿಂದ ಬಂದಿತೆಂದು ಎರಡೂ ವಂಶಗಳ ಮೂರು ತಲೆಮಾರುಗಳನ್ನು ಮನಸ್ಸಿನಲ್ಲಿಯೇ ಶೋಧಿಸುತ್ತಾಳೆ. ವೈದ್ಯರ ಬಳಿಗೆ ಹೋಗುವ ಮಾತು ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ; ಹೋದರೆ ಯಾರಾದರೂ ನೋಡಿಯಾರು!

ಹೀಗೆ ತಿಂಗಳುಗಳು ಉರುಳುತ್ತವೆ. ಒಂದು ಮಚ್ಚೆ ಮೂರಾಗುತ್ತದೆ. ಗುಟ್ಟಾಗಿ ತರಿಸಿದ ಲೇಪಗಳು, ಹೇಳಿಕೆಯ ಔಷಧಗಳು, ಪಥ್ಯಗಳು ಒಂದೊಂದಾಗಿ ಮುಗಿಯುತ್ತವೆ. ಕೊನೆಗೆ ಚರ್ಮರೋಗ ತಜ್ಞರ ಮುಂದೆ ಕುಳಿತಾಗ ಅವರು ಕೇಳುವ ಮೊದಲ ಪ್ರಶ್ನೆ, “ಇದು ಯಾವಾಗ ಪ್ರಾರಂಭವಾಯಿತು?” ಎಂಬುದು. ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಚಿಕಿತ್ಸೆಯ ಫಲ ಬಹುಮಟ್ಟಿಗೆ ಅಡಗಿರುತ್ತದೆ. ತೊನ್ನು ಜೀವವನ್ನು ತೆಗೆಯುವ ರೋಗವಲ್ಲ. ಆದರೆ ಅದನ್ನು ಮುಚ್ಚಿಡುವುದರಲ್ಲಿ ನಾವು ಕಳೆಯುವ ಕಾಲವು, ಗುಣವಾಗಬಹುದಾಗಿದ್ದ ಮಚ್ಚೆಯನ್ನು ಗುಣವಾಗದ ಮಚ್ಚೆಯನ್ನಾಗಿ ಮಾಡಬಲ್ಲದು. ಈ ವಾರ ಈ ಮಾತನ್ನೇ ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡೋಣ.

ಕುಷ್ಠವಲ್ಲ, ಅಂಟುಜಾಡ್ಯವಲ್ಲ

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳಬೇಕು. ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ‘ಕುಷ್ಠ’ವೆಂಬುದು ಒಂದೇ ಒಂದು ರೋಗದ ಹೆಸರಾಗಿರಲಿಲ್ಲ, ಚರ್ಮದ ಅನೇಕ ವ್ಯಾಧಿಗಳಿಗೆ ಸಲ್ಲುತ್ತಿದ್ದ ಸಾಮಾನ್ಯ ಹೆಸರಾಗಿತ್ತು. ಬಿಳಿಯ ಮಚ್ಚೆಯ ರೋಗಕ್ಕೆ ‘ಶ್ವಿತ್ರ’, ‘ಕಿಲಾಸ’ ಎಂಬ ಬೇರೆ ಹೆಸರುಗಳೂ ಇದ್ದವು. ಕಾಲಾನಂತರದಲ್ಲಿ ‘ಶ್ವೇತಕುಷ್ಠ’ವೆಂಬ ಮಾತು ಬಳಕೆಗೆ ಬಂದಿತು. ಅತ್ತ ‘ಕುಷ್ಠ’ವೆಂಬ ಹೆಸರು ಕೈಬೆರಳುಗಳನ್ನು ವಿಕಾರಗೊಳಿಸುವ ಆ ಒಂದು ರೋಗಕ್ಕೇ ಮೀಸಲಾಯಿತು. ಎರಡಕ್ಕೂ ಇದ್ದುದು ಪದದ ನಂಟು ಮಾತ್ರ. ಆ ನಂಟಿನ ದೆಸೆಯಿಂದ ಲಕ್ಷಾಂತರ ಮಂದಿ ನಿರಪರಾಧಿಗಳು ಶಿಕ್ಷೆ ಅನುಭವಿಸಿದ್ದಾರೆ.

ಕುಷ್ಠರೋಗಕ್ಕೆ ಒಂದು ಸೂಕ್ಷ್ಮಾಣು ಕಾರಣ. ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯರು 1873ರಲ್ಲಿ ಅದನ್ನು ಕಂಡುಹಿಡಿದರು. ಅದರ ಮಚ್ಚೆ ಮಾಸಲಾಗಿಯೋ ಕೆಂಪಾಗಿಯೋ ಇರುತ್ತದೆ, ಹಾಲಿನಂತೆ ಬೆಳ್ಳಗಿರುವುದಿಲ್ಲ. ಆ ಜಾಗದಲ್ಲಿ ಸ್ಪರ್ಶದ ಅರಿವು, ಬಿಸಿ ತಣ್ಣನೆಯ ಅರಿವು ಕುಂದುತ್ತದೆ. ಅದೂ ಈಗ ಔಷಧಗಳಿಂದ ಸಂಪೂರ್ಣವಾಗಿ ಗುಣವಾಗುವ ರೋಗವೇ ಎಂಬುದನ್ನು ಇಲ್ಲಿ ಹೇಳಿಬಿಡುವುದು ನ್ಯಾಯ. ತೊನ್ನಿನಲ್ಲಾದರೋ ಯಾವ ಸೂಕ್ಷ್ಮಾಣುವೂ ಇಲ್ಲ. ಮಚ್ಚೆಯ ಮೇಲೆ ಹತ್ತಿಯ ಎಳೆಯನ್ನು ಆಡಿಸಿದರೆ ಉಳಿದ ಚರ್ಮದಲ್ಲಿ ತಿಳಿಯುವಷ್ಟೇ ಸ್ಪಷ್ಟವಾಗಿ ತಿಳಿಯುತ್ತದೆ. ಬೆವರು ಬರುತ್ತದೆ, ಗಾಯವಾದರೆ ಮಾಯುತ್ತದೆ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ಮಗುವಿಗೆ ಮೊಲೆಯೂಡಿಸಿದರೂ ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೋಗಿರುವುದು ಬಣ್ಣವೊಂದೇ.

ಲೋಕದ ಜನಸಂಖ್ಯೆಯಲ್ಲಿ ನೂರಕ್ಕೆ ಅರ್ಧದಿಂದ ಒಂದರಷ್ಟು ಮಂದಿಗೆ ತೊನ್ನು ಉಂಟೆಂದು ಸಾಮಾನ್ಯವಾದ ಅಂದಾಜು. ಅದು ಗಂಡು ಹೆಣ್ಣು, ಕಪ್ಪು ಬಿಳಿ, ಸಿರಿವಂತ ಬಡವನೆಂಬ ಭೇದವನ್ನೆಣಿಸುವುದಿಲ್ಲ. ಸುಮಾರು ಅರ್ಧದಷ್ಟು ಮಂದಿಯಲ್ಲಿ 20 ವರ್ಷ ವಯಸ್ಸಿನೊಳಗಾಗಿಯೇ ಪ್ರಾರಂಭವಾಗುತ್ತದೆ; ಅಂದರೆ ಓದು, ಉದ್ಯೋಗ, ಮದುವೆಗಳ ಚಿಂತೆ ತಲೆಯೆತ್ತುವ ಕಾಲದಲ್ಲಿಯೇ. ಇದನ್ನು ಕೇವಲ ಚರ್ಮದ ರೋಗವೆಂದು ತಳ್ಳಿಹಾಕುವಂತಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಚರ್ಮದ ಬಣ್ಣಗಾರರು

ಚರ್ಮಕ್ಕೆ ಬಣ್ಣ ಬರುವ ಬಗೆ ಬಲು ಸ್ವಾರಸ್ಯವಾದುದು. ನಮ್ಮ ಹೊರಚರ್ಮದ ತಳದ ಪದರದಲ್ಲಿ, ಇತರ ಜೀವಕೋಶಗಳ ನಡುನಡುವೆ, ಮೆಲನೊಸೈಟುಗಳೆಂಬ ವಿಶೇಷ ಜೀವಕೋಶಗಳು ಕುಳಿತಿವೆ. ಇವುಗಳನ್ನು ಬಣ್ಣಗಾರರೆನ್ನಬಹುದು. ಟೈರೊಸೀನ್ ಎಂಬ ದ್ರವ್ಯದಿಂದ ಇವು ಮೆಲನಿನ್ ಎಂಬ ಕಂದು ವರ್ಣವನ್ನು ಸಿದ್ಧಪಡಿಸಿ, ಅದನ್ನು ಸಣ್ಣ ಸಣ್ಣ ಹರಳುಗಳಾಗಿ ಕಟ್ಟಿ, ಕೊಂಬೆಗಳಂತೆ ಚಾಚಿದ ತಮ್ಮ ತೋಳುಗಳ ಮೂಲಕ ಸುತ್ತಣ ಜೀವಕೋಶಗಳಿಗೆ ಹಂಚುತ್ತವೆ. ಒಬ್ಬೊಬ್ಬ ಬಣ್ಣಗಾರನ ಪಾಲಿಗೆ ಸುಮಾರು 36 ಮನೆಗಳು! ಹಂಚಿದ ಬಣ್ಣವು ಆ ಜೀವಕೋಶಗಳ ತಲೆಯ ಮೇಲೆ ಕೊಡೆಯಂತೆ ನಿಂತು ಬಿಸಿಲಿನ ಅತಿನೇರಳೆ ಕಿರಣಗಳಿಂದ ಅವುಗಳನ್ನು ಕಾಪಾಡುತ್ತದೆ.

ಇನ್ನೊಂದು ಸಂಗತಿಯನ್ನು ಬಣ್ಣದ ಬಗ್ಗೆ ಹೆಮ್ಮೆಪಡುವವರು ಅವಶ್ಯವಾಗಿ ತಿಳಿದಿರಬೇಕು. ಕಪ್ಪು ಮನುಷ್ಯನಲ್ಲಿಯೂ ಬಿಳಿಯ ಮನುಷ್ಯನಲ್ಲಿಯೂ ಬಣ್ಣಗಾರರ ಸಂಖ್ಯೆ ಹೆಚ್ಚುಕಡಮೆ ಒಂದೇ. ಅವರು ತಯಾರಿಸುವ ಹರಳುಗಳ ಗಾತ್ರ, ಪ್ರಮಾಣ, ಜಾತಿಗಳಲ್ಲಿ ಮಾತ್ರವೇ ವ್ಯತ್ಯಾಸ.

ತೊನ್ನಿನಲ್ಲಿ ಈ ಬಣ್ಣಗಾರರೇ ನಾಶವಾಗುತ್ತಾರೆ. ನಾಶಪಡಿಸುವವರು ಹೊರಗಿನ ಶತ್ರುಗಳಲ್ಲ, ದೇಹದ ಕಾವಲುಗಾರರೇ. ರೋಗಾಣುಗಳನ್ನು ಕೊಲ್ಲಬೇಕಾದ ಬಿಳಿಯ ರಕ್ತಕಣಗಳಲ್ಲಿ ಒಂದು ಪಂಗಡವು ಯಾವುದೋ ಭ್ರಮೆಯಿಂದ ಮೆಲನೊಸೈಟುಗಳನ್ನು ವೈರಿಗಳೆಂದು ಬಗೆದು ಅವುಗಳ ಮೇಲೆ ಬೀಳುತ್ತದೆ. ಹೀಗೆ ಬಿದ್ದ ಕಣಗಳು ಗಾಮಾ ಇಂಟರ್‌ಫೆರಾನ್ ಎಂಬ ಸಂದೇಶದ್ರವ್ಯವನ್ನು ಹೊರಗೆಡಹುತ್ತವೆ. ಆ ಸಂದೇಶವನ್ನು ಕೇಳಿದ ಚರ್ಮವು ಇನ್ನಷ್ಟು ಕಾವಲುಗಾರರನ್ನು ಅದೇ ಜಾಗಕ್ಕೆ ಕರೆಯುತ್ತದೆ. ಹೀಗೆ ಮಚ್ಚೆ ಹಿಗ್ಗುತ್ತ ಹೋಗುತ್ತದೆ. ಈ ಕೂಗನ್ನು ಜೀವಕೋಶದೊಳಕ್ಕೆ ಮುಟ್ಟಿಸುವ ದಾರಿಯೊಂದುಂಟು; ಅದನ್ನು ಮುಚ್ಚಿಬಿಟ್ಟರೆ ಏನಾದೀತೆಂಬ ಆಲೋಚನೆಯಿಂದಲೇ ತೀರ ಇತ್ತೀಚಿನ ಔಷಧ ಹುಟ್ಟಿತು. ಅದನ್ನು ಮುಂದೆ ನೋಡೋಣ.

ಆದರೆ ಎಲ್ಲ ಬಣ್ಣಗಾರರೂ ಸಾಯುವುದಿಲ್ಲ. ಕೂದಲಿನ ಬುಡದ ಕೂಪಗಳಲ್ಲಿ ಎಳೆಯ ಬಣ್ಣಗಾರರ ಒಂದು ಮೀಸಲು ಪಡೆ ಅಡಗಿರುತ್ತದೆ. ಚಿಕಿತ್ಸೆ ಫಲಿಸಿದಾಗ ಬಿಳಿಯ ಮಚ್ಚೆಯ ನಡುವೆ ಸಾಸುವೆಯ ಕಾಳಿನಂತಹ ಕಂದು ಚುಕ್ಕೆಗಳು ಏಳುವುದನ್ನು ನೋಡಬಹುದು. ಅವು ಮೀಸಲು ಪಡೆ ಹೊರಟು ಬಂದ ಗುರುತು. ಕೂದಲಿನ ಕೂಪಗಳು ಧಾರಾಳವಾಗಿರುವ ಮುಖದಲ್ಲಿ ಬಣ್ಣ ಬೇಗ ಮರಳುವುದಕ್ಕೂ, ಕೂದಲೇ ಇಲ್ಲದ ತುಟಿ, ಬೆರಳ ತುದಿ, ಅಂಗೈಗಳಲ್ಲಿ ಹಟ ಹಿಡಿಯುವುದಕ್ಕೂ ಇದೇ ಕಾರಣ. ಮಚ್ಚೆಯ ಮೇಲಿನ ಕೂದಲೂ ಬೆಳ್ಳಗಾಯಿತೆಂದರೆ ಮೀಸಲು ಪಡೆಯೂ ತೀರುತ್ತ ಬಂದಿತೆಂದು ತಿಳಿಯಬೇಕು. ಕಾಲದ ಮಹತ್ವ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕಾರಣಗಳ ವಿಚಾರ

ಕಾವಲುಗಾರರಿಗೆ ಈ ಭ್ರಮೆ ಹಿಡಿಯುವುದೇಕೆ? ಹುಟ್ಟಿನಿಂದ ಬಂದ ಒಲವೊಂದು ಉಂಟು. ಆದರೆ ಅದು ಜನರು ಊಹಿಸುವಷ್ಟು ಬಲವಾದುದಲ್ಲ. 2003ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ತೊನ್ನುಳ್ಳವರ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಮಾತ್ರ ತೊನ್ನಿತ್ತು. ಒಂದೇ ಅಂಡದಿಂದ ಹುಟ್ಟಿ ಎಲ್ಲ ಅಂಶಗಳಲ್ಲಿಯೂ ಸಮಾನರಾದ ಅವಳಿಗಳಲ್ಲಿ ಸಹ, ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇದ್ದುದು ನೂರಕ್ಕೆ 23 ಜೋಡಿಗಳಲ್ಲಷ್ಟೆ. ವಂಶವೇ ಸಮಸ್ತವೂ ಆಗಿದ್ದರೆ ಇದು ನೂರಕ್ಕೆ ನೂರು ಆಗಬೇಕಾಗಿತ್ತಲ್ಲವೆ?

ಉಳಿದದ್ದು ಹೊರಗಿನ ಪ್ರಚೋದನೆ. ಒಲವಿರುವವರಲ್ಲಿ ಚರ್ಮಕ್ಕೆ ಪೆಟ್ಟು, ಗೀರು, ಸುಟ್ಟಗಾಯ, ಸತತವಾದ ಉಜ್ಜುವಿಕೆಗಳಾದ ಜಾಗದಲ್ಲಿ ಮಚ್ಚೆ ಏಳುವುದುಂಟು. ಸೀರೆಯ ಲಂಗದ ಲಾಡಿಯನ್ನು ದಿನವೂ ಬಿಗಿಯುವ ಸೊಂಟ, ಕನ್ನಡಕ ಕೂರುವ ಮೂಗು, ಚಪ್ಪಲಿಯ ಪಟ್ಟಿ ಒತ್ತುವ ಪಾದ, ನೆಲ ಒರಸುವವರ ಮೊಣಕಾಲು, ಇವು ತೊನ್ನಿಗೆ ಪ್ರಿಯವಾದ ಸ್ಥಳಗಳು. ಗಡಿಯಾರದ ಪಟ್ಟಿಯನ್ನು ಸಡಿಲಗೊಳಿಸುವುದೂ, ಲಾಡಿಯನ್ನು ಅಗಲವಾಗಿಸುವುದೂ, ಮೈಯನ್ನು ಒರಟು ನಾರಿನಿಂದ ತಿಕ್ಕದಿರುವುದೂ ಈ ದೃಷ್ಟಿಯಿಂದ ಚಿಕಿತ್ಸೆಯ ಭಾಗಗಳೇ.

ರಸಾಯನ ದ್ರವ್ಯಗಳದು ಇನ್ನೊಂದು ಕಥೆ. 1939ರಲ್ಲಿ ಅಮೆರಿಕದ ಚರ್ಮ ಹದಮಾಡುವ ಒಂದು ಕಾರ್ಖಾನೆಯ ಕೆಲಸಗಾರರ ಕೈಗಳು ಬೆಳ್ಳಗಾದ ಸಂಗತಿ ವೈದ್ಯರ ಗಮನಕ್ಕೆ ಬಂದಿತು. ಶೋಧಿಸಿ ನೋಡಲಾಗಿ ಅವರು ಧರಿಸುತ್ತಿದ್ದ ರಬ್ಬರಿನ ಕೈಚೀಲಗಳಲ್ಲಿ, ರಬ್ಬರು ಕೆಡದಿರಲೆಂದು ಬೆರೆಸಿದ್ದ ಒಂದು ದ್ರವ್ಯವೇ ಅಪರಾಧಿಯೆಂದು ಗೊತ್ತಾಯಿತು. ಇಂತಹ ದ್ರವ್ಯಗಳು ನಮ್ಮ ಮನೆಗಳಲ್ಲಿಯೂ ಇಲ್ಲದಿಲ್ಲ. ಹಣೆಗೆ ಅಂಟಿಸುವ ಬಿಂದಿಯ ಅಂಟಿನಲ್ಲಿ, ಕೆಲವು ರಬ್ಬರಿನ ಚಪ್ಪಲಿಗಳಲ್ಲಿ, ಕೂದಲಿನ ಬಣ್ಣಗಳಲ್ಲಿ ಮೆಲನೊಸೈಟುಗಳಿಗೆ ವಿಷವಾಗುವ ವಸ್ತುಗಳಿರಬಹುದು. ಬಿಂದಿ ಇಡುವ ಜಾಗದಲ್ಲಿಯೇ ದುಂಡನೆಯ ಬಿಳಿಯ ಗುರುತು ಎದ್ದಿತೆಂದರೆ ತಡಮಾಡದೆ ಅದನ್ನು ಬಿಡಬೇಕು. ಅಲಂಕಾರಕ್ಕೆ ಅಂಟಿಲ್ಲದ ಕುಂಕುಮವಿದೆ.

ಆಹಾರದ ವಿಷಯದಲ್ಲಿ ನಮ್ಮಲ್ಲಿರುವಷ್ಟು ಕಟ್ಟುಕಥೆಗಳು ಬೇರೆ ಯಾವ ರೋಗಕ್ಕೂ ಇರಲಾರವು. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುವುದೆಂಬ ಮಾತಿಗೆ ಆಧಾರವಿಲ್ಲ. ಹುಳಿ, ನಿಂಬೆ, ಮೊಸರು, ಬಿಳಿಯ ಪದಾರ್ಥಗಳನ್ನೆಲ್ಲ ಬಿಟ್ಟರೆ ಮಚ್ಚೆ ಹೋಗುವುದೆಂಬುದಕ್ಕೂ ಆಧಾರವಿಲ್ಲ. ಬೆಳೆಯುವ ಮಗುವಿನಿಂದ ಹಾಲು ಹಣ್ಣುಗಳನ್ನು ಕಸಿದುಕೊಂಡರೆ ಮಚ್ಚೆ ಉಳಿಯುತ್ತದೆ, ಮಗು ಮಾತ್ರ ಸೊರಗುತ್ತದೆ. ಪೂರ್ವಜನ್ಮದ ಪಾಪ, ನಾಗದೋಷ ಮೊದಲಾದ ಮಾತುಗಳ ಬಗ್ಗೆ ಇಷ್ಟೇ ಹೇಳಬಹುದು: ಏನೂ ಅರಿಯದ ಐದು ವರ್ಷದ ಮಗುವಿಗೆ ಅದು ಪಾಪಿಯೆಂದು ತಿಳಿಸುವುದು ತೊನ್ನಿಗಿಂತ ಕೆಟ್ಟ ಕಲೆಯನ್ನು ಅದರ ಮನಸ್ಸಿನ ಮೇಲೆ ಉಳಿಸುತ್ತದೆ.

ಬೆಳ್ಳಗಿರುವುದೆಲ್ಲ ತೊನ್ನಲ್ಲ

ಮಚ್ಚೆ ಕಂಡೊಡನೆ ಎದೆಗುಂದುವ ತಾಯಂದಿರಿಗೆ ಒಂದು ಸಮಾಧಾನದ ಮಾತು. ಶಾಲೆಗೆ ಹೋಗುವ ಮಕ್ಕಳ ಕೆನ್ನೆಯ ಮೇಲೆ ಕಾಣುವ, ಅಂಚು ಸ್ಪಷ್ಟವಿಲ್ಲದ, ಸ್ವಲ್ಪ ಹೊಟ್ಟೇಳುವ ಮಾಸಲು ಮಚ್ಚೆಗಳು ಸಾಮಾನ್ಯವಾಗಿ ಒಣ ಚರ್ಮದ ಫಲ. ಹೊಟ್ಟೆಯಲ್ಲಿ ಹುಳುವಿದೆಯೆಂದು ಹಿರಿಯರು ಹೇಳುವುದು ಇದನ್ನೇ. ಎಣ್ಣೆಯ ಪಸೆಯಿಂದಲೂ ಕಾಲಕ್ರಮದಿಂದಲೂ ಇದು ತಾನಾಗಿ ಹೋಗುತ್ತದೆ. ಬೆವರುವ ಎದೆ ಬೆನ್ನುಗಳ ಮೇಲೆ ಚಿಲ್ಲರೆ ಚಿಲ್ಲರೆಯಾಗಿ ಹರಡುವ ಚಿಬ್ಬು ಒಂದು ಬೂಷ್ಟಿನ ಕೆಲಸ. ಅದಕ್ಕೆ ಸುಲಭವಾದ ಔಷಧವಿದೆ. ಹುಟ್ಟಿನಿಂದಲೇ ಇದ್ದು ಮಗು ಬೆಳೆದಂತೆ ಅದೇ ಪ್ರಮಾಣದಲ್ಲಿ ಬೆಳೆಯುವ ಮಚ್ಚೆಯೂ ತೊನ್ನಲ್ಲ.

ತೊನ್ನಿನ ಮಚ್ಚೆ ಸುಣ್ಣದಂತೆ ಅಚ್ಚ ಬಿಳುಪು, ಅಂಚು ಸ್ಪಷ್ಟ, ಹೊಟ್ಟಿಲ್ಲ, ನೋವಿಲ್ಲ. ಬಹುಪಾಲು ಮಂದಿಯಲ್ಲಿ ಎಡಕ್ಕೂ ಬಲಕ್ಕೂ ಸಮಸಮವಾಗಿ ಕಾಣುತ್ತದೆ. ಕೆಲವರಲ್ಲಿ, ಅದರಲ್ಲಿಯೂ ಮಕ್ಕಳಲ್ಲಿ, ದೇಹದ ಒಂದೇ ಮಗ್ಗುಲಿನ ಒಂದೇ ಪಟ್ಟಿಯಲ್ಲಿ ಬೇಗ ಬೇಗ ಹರಡಿ, ಒಂದೆರಡು ವರ್ಷಗಳಲ್ಲಿ ನಿಂತುಬಿಡುತ್ತದೆ. ಸಂದೇಹವಿದ್ದಲ್ಲಿ ವೈದ್ಯರು ಕತ್ತಲ ಕೋಣೆಯಲ್ಲಿ ‘ವುಡ್ಸ್ ದೀಪ’ವೆಂಬ ಅತಿನೇರಳೆ ದೀಪವನ್ನು ಹಿಡಿದು ನೋಡುತ್ತಾರೆ. ಆ ಬೆಳಕಿನಲ್ಲಿ ತೊನ್ನು ನೀಲಿಮಿಶ್ರಿತ ಬಿಳುಪಿನಿಂದ ಹೊಳೆಯುತ್ತದೆ. ನೋವಿಲ್ಲದ, ಕೆಲವೇ ನಿಮಿಷಗಳ ಈ ಪರೀಕ್ಷೆಯಿಂದ ಆರು ತಿಂಗಳ ಅನುಮಾನ ಪರಿಹಾರವಾಗಬಹುದು. ಇದರೊಡನೆ ಥೈರಾಯ್ಡ್ ಗ್ರಂಥಿಯ ರಕ್ತಪರೀಕ್ಷೆಯನ್ನೂ ಮಾಡಿಸುವುದು ವಾಡಿಕೆ. ತೊನ್ನುಳ್ಳವರಲ್ಲಿ ಆ ಗ್ರಂಥಿಯ ದೋಷ ಇತರರಲ್ಲಿಗಿಂತ ಹೆಚ್ಚಾಗಿ ಕಾಣುತ್ತದೆ.

ಬಾವಂಚಿಯಿಂದ ಬೆಳಕಿನವರೆಗೆ

ಈ ರೋಗದ ಚಿಕಿತ್ಸೆಯ ಇತಿಹಾಸದಲ್ಲಿ ನಮ್ಮ ದೇಶಕ್ಕೆ ಗೌರವದ ಸ್ಥಾನವಿದೆ. ಅಥರ್ವವೇದದ ಮೊದಲನೆಯ ಕಾಂಡದಲ್ಲಿಯೇ ಕಿಲಾಸವನ್ನು ಹೋಗಲಾಡಿಸಲು ಕಪ್ಪು ಬಣ್ಣದ ಮೂಲಿಕೆಯೊಂದನ್ನು ಪ್ರಾರ್ಥಿಸುವ ಸೂಕ್ತಗಳಿವೆ. ಆಯುರ್ವೇದವು ಬಾವಂಚಿಯ ಬೀಜವನ್ನು ಕೊಟ್ಟು, ರೋಗಿಯನ್ನು ಬಿಸಿಲಿನಲ್ಲಿ ಕುಳ್ಳಿರಿಸುವ ಕ್ರಮವನ್ನು ಬಹು ಹಿಂದೆಯೇ ಕಂಡುಕೊಂಡಿತ್ತು. ಈಜಿಪ್ಟಿನ ನೈಲ್ ನದಿಯ ದಡದಲ್ಲಿ ಬೆಳೆಯುವ ಬೇರೊಂದು ಗಿಡದ ಬೀಜವನ್ನು ಅರಬ್ಬೀ ವೈದ್ಯರು ಇದೇ ರೀತಿಯಲ್ಲಿ, ಬಿಸಿಲಿನೊಡನೆಯೇ, ಬಳಸುತ್ತಿದ್ದರು. 13ನೆಯ ಶತಮಾನದ ಇಬ್ನ್ ಅಲ್‌ಬೈತಾರ್ ಅದನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಸಾವಿರಾರು ಮೈಲಿಗಳ ಅಂತರದ ಎರಡು ನಾಡುಗಳು, ಎರಡು ಬೇರೆ ಗಿಡಗಳು. ಆದರೆ ಗುಟ್ಟು ಒಂದೇ ಆಗಿತ್ತು!

ಆ ಗುಟ್ಟನ್ನು ವಿಜ್ಞಾನ ಬಿಡಿಸಿತು. 1933ರಲ್ಲಿ ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ಭಾರತೀಯ ರಸಾಯನ ವಿಜ್ಞಾನಿಗಳು ಬಾವಂಚಿಯ ಬೀಜದಿಂದ ಸೊರಾಲೆನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. 1948ರಲ್ಲಿ ಈಜಿಪ್ಟಿನ ವೈದ್ಯ ಎಲ್ ಮೊಫ್ತಿಯವರು ತಮ್ಮ ನಾಡಿನ ಗಿಡದಿಂದ ದೊರೆತ ಅದೇ ಬಳಗದ ದ್ರವ್ಯವನ್ನು ತೊನ್ನಿನ ರೋಗಿಗಳಿಗೆ ಕೊಟ್ಟು ಪಡೆದ ಫಲವನ್ನು ಪ್ರಕಟಿಸಿದರು. ಸೊರಾಲೆನ್ ತಾನಾಗಿ ಬಣ್ಣ ಹಚ್ಚುವುದಿಲ್ಲ. ಅದು ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ. ಬೆಳಕು ಮೀಸಲು ಪಡೆಯನ್ನು ಎಬ್ಬಿಸುತ್ತದೆ.

ಇಷ್ಟು ಓದಿದೊಡನೆ ಅಂಗಡಿಯಿಂದ ಬಾವಂಚಿ ತಂದು ಅರೆದು ಹಚ್ಚಲು ಯಾರೂ ಹೊರಡಬಾರದು. ಇದರ ಬಲವೇ ಇದರ ಅಪಾಯ. ಪ್ರಮಾಣ ತಪ್ಪಿದರೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ, ಕಾದ ಎಣ್ಣೆ ಸುರಿದಂತೆ ಬೊಬ್ಬೆಗಳೇಳುತ್ತವೆ. ಆ ಸುಟ್ಟಗಾಯದ ಜಾಗದಲ್ಲಿ ಹೊಸ ಮಚ್ಚೆಗಳು ಹುಟ್ಟುವುದೂ ಉಂಟು. ಒಳಗೆ ಸೇವಿಸಿದರೆ ಪಿತ್ತಕೋಶಕ್ಕೆ ತೊಂದರೆಯಾದ ಪ್ರಸಂಗಗಳಿವೆ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಇದು ಸಲ್ಲದು.

ಅದೃಷ್ಟವಶಾತ್ ಈಗ ಸೊರಾಲೆನ್ ಇಲ್ಲದೆಯೇ ಬೆಳಕಿನ ಚಿಕಿತ್ಸೆ ಸಾಧ್ಯವಾಗಿದೆ. ಅತಿನೇರಳೆ ಕಿರಣಗಳಲ್ಲಿ 311 ನ್ಯಾನೊಮೀಟರಿನ ಆಸುಪಾಸಿನ ಕಿರಿದಾದ ಒಂದು ಪಟ್ಟಿಯನ್ನು ಮಾತ್ರ ಆರಿಸಿಕೊಂಡು ದೀಪಗಳ ಮೂಲಕ ಮೈಮೇಲೆ ಬೀಳಿಸಿದರೆ ಸಾಕೆಂದು ನೆದರ್ಲೆಂಡಿನ ವೈದ್ಯರು 1997ರಲ್ಲಿ ತೋರಿಸಿದರು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ನೆಟ್ಟನೆಯ ದೀಪಗಳ ಗೂಡಿನಲ್ಲಿ ರೋಗಿಯನ್ನು ವಾರಕ್ಕೆ ಎರಡು ಅಥವಾ ಮೂರು ಬಾರಿ ಕೆಲವು ನಿಮಿಷ ನಿಲ್ಲಿಸುತ್ತಾರೆ. ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರ ನಿಗಾದಲ್ಲಿ ಇದನ್ನು ಕೊಡಬಹುದು. ಹರಡಿದ ತೊನ್ನಿಗೆ ಇಂದು ಮುಖ್ಯವಾದ ಚಿಕಿತ್ಸೆ ಇದೇ.

ಮಚ್ಚೆಗಳು ಒಂದೆರಡೇ ಇದ್ದರೆ ಹಚ್ಚುವ ಔಷಧಗಳಿಂದ ಪ್ರಾರಂಭಿಸುತ್ತಾರೆ. ಸ್ಟೀರಾಯ್ಡ್ ಮುಲಾಮು ಕಾವಲುಗಾರರ ದಾಳಿಯನ್ನು ಶಮನಗೊಳಿಸುತ್ತದೆ. ಆದರೆ ಹೇಳಿದ್ದಕ್ಕಿಂತ ಹೆಚ್ಚು ಕಾಲ ಹಚ್ಚಿದರೆ ಚರ್ಮ ತೆಳುವಾಗಿ ನರಗಳು ಕಾಣತೊಡಗುತ್ತವೆ. ಮುಖ, ಕಣ್ಣಿನ ಸುತ್ತು ಮೊದಲಾದ ನವುರಾದ ಜಾಗಗಳಿಗೆ ಈ ದೋಷವಿಲ್ಲದ ಟ್ಯಾಕ್ರೊಲಿಮಸ್ ಮುಲಾಮು ಮೇಲು. ರೋಗವು ವೇಗವಾಗಿ ಹರಡುತ್ತಿದ್ದಾಗ ಅದನ್ನು ತಡೆಯಲು ವಾರದಲ್ಲಿ ಎರಡು ದಿನ ಮಾತ್ರ ಸ್ಟೀರಾಯ್ಡ್ ಗುಳಿಗೆ ಕೊಡುವ ಕ್ರಮವನ್ನು 1993ರಲ್ಲಿ ಪ್ರಕಟಿಸಿದವರು ದೆಹಲಿಯ ವೈದ್ಯರಾದ ಪಸ್ರೀಚಾ ಮತ್ತು ಖೈತಾನ್. ಇದನ್ನು ವೈದ್ಯರ ಕಣ್ಗಾವಲಿನಲ್ಲಿಯೇ ತೆಗೆದುಕೊಳ್ಳಬೇಕು. ಇನ್ನು ಮೇಲೆ ಹೇಳಿದ ಕೂಗಿನ ದಾರಿಯನ್ನು ಮುಚ್ಚುವ ಔಷಧವಾದ ರಕ್ಸೊಲಿಟಿನಿಬ್ ಮುಲಾಮಿಗೆ ಅಮೆರಿಕದಲ್ಲಿ 2022ರ ಜುಲೈ ತಿಂಗಳಿನಲ್ಲಿ, 12 ವರ್ಷ ಮೇಲ್ಪಟ್ಟವರಿಗಾಗಿ, ಮಂಜೂರಾತಿ ದೊರೆಯಿತು. ಪರೀಕ್ಷೆಗಳಲ್ಲಿ, ಆರು ತಿಂಗಳು ಹಚ್ಚಿದವರ ಪೈಕಿ ನೂರಕ್ಕೆ ಸುಮಾರು 30 ಮಂದಿಗೆ ಮುಖದ ಬಣ್ಣ ಮುಕ್ಕಾಲು ಪಾಲಿನಷ್ಟು ಮರಳಿತು. ಇದು ಪವಾಡವಲ್ಲ, ಆದರೂ ದೊಡ್ಡ ಹೆಜ್ಜೆ.

ಒಂದು ವರ್ಷ ಮೇಲ್ಪಟ್ಟು ಹೊಸ ಮಚ್ಚೆ ಏಳದೆ, ಹಳೆಯದು ಹಿಗ್ಗದೆ ನಿಂತಿದ್ದರೆ ಶಸ್ತ್ರಕ್ರಿಯೆಗೂ ಅವಕಾಶವಿದೆ. ತೊಡೆಯಂತಹ ಮರೆಯ ಜಾಗದಿಂದ ಆರೋಗ್ಯವಾದ ಚರ್ಮದ ಸಣ್ಣ ತುಂಡನ್ನು ತೆಗೆದು, ಅದರ ಜೀವಕೋಶಗಳನ್ನು ಬಿಡಿಬಿಡಿಯಾಗಿಸಿ, ಮಚ್ಚೆಯ ಮೇಲೆ ಬಿತ್ತುತ್ತಾರೆ. ನರ್ಸರಿಯ ಸಸಿಗಳನ್ನು ಗದ್ದೆಯಲ್ಲಿ ನಾಟಿ ಮಾಡಿದಂತೆ! ಅಂಗೈಯಗಲದ ಮಚ್ಚೆಗೆ ಅದರ ಹತ್ತನೆಯ ಒಂದು ಪಾಲಿನಷ್ಟು ಚರ್ಮ ಸಾಕಾಗುತ್ತದೆ. ಒಂದೇ ಮಗ್ಗುಲಿನ ತೊನ್ನಿಗೆ ಇದು ಬಹು ಚೆನ್ನಾಗಿ ಫಲಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಮೈಯೆಲ್ಲ ಬೆಳ್ಳಗಾಗಿ ಅಲ್ಲಲ್ಲಿ ಮಾತ್ರ ಕಂದು ಉಳಿದವರಿಗೆ ಆ ಉಳಿದ ಬಣ್ಣವನ್ನೂ ತೆಗೆದು ಮೈಯನ್ನು ಏಕರೂಪವಾಗಿಸುವ ಲೇಪವೊಂದುಂಟು. ಅದು 1939ರ ಆ ರಬ್ಬರಿನ ಕೈಚೀಲದ ದ್ರವ್ಯವೇ ಎಂದರೆ ಓದುಗರಿಗೆ ಆಶ್ಚರ್ಯವಾದೀತು.

ತಾಳ್ಮೆಯ ಲೆಕ್ಕ

ಚಿಕಿತ್ಸೆಗೆ ತೊಡಗಿದವರಲ್ಲಿ ಅನೇಕರು ಎರಡು ತಿಂಗಳಿಗೆ ಬೇಸತ್ತು ಬಿಟ್ಟುಬಿಡುತ್ತಾರೆ. ಅಂಥವರು ಈ ಲೆಕ್ಕವನ್ನು ನೋಡಬೇಕು. 311 ನ್ಯಾನೊಮೀಟರಿನ ಬೆಳಕಿನ ಚಿಕಿತ್ಸೆಯ ಬಗ್ಗೆ ನಡೆದ ಅನೇಕ ಅಧ್ಯಯನಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮುಕ್ಕಾಲು ಪಾಲಿಗಿಂತ ಹೆಚ್ಚು ಬಣ್ಣ ಮರಳಿದವರು ಮೂರು ತಿಂಗಳ ಕೊನೆಯಲ್ಲಿ ನೂರಕ್ಕೆ 13 ಮಂದಿ. ಆರು ತಿಂಗಳ ಕೊನೆಯಲ್ಲಿ 19 ಮಂದಿ. ಒಂದು ವರ್ಷ ಹಿಡಿದು ಮಾಡಿದವರಲ್ಲಿ 36 ಮಂದಿ. ಮುಖ ಮತ್ತು ಕತ್ತಿನಲ್ಲಿ ಇಂತಹ ಒಳ್ಳೆಯ ಫಲ ನೂರಕ್ಕೆ 44 ಮಂದಿಗೆ ದೊರೆತರೆ ಕೈ ಪಾದಗಳಲ್ಲಿ ಯಾರಿಗೂ ದೊರೆಯಲಿಲ್ಲ.

ಈ ಅಂಕಿಗಳಲ್ಲಿ ಆಶೆಯೂ ಇದೆ, ಎಚ್ಚರಿಕೆಯೂ ಇದೆ. ಆರು ತಿಂಗಳಾದರೂ ಹಿಡಿದು ನೋಡದೆ ಚಿಕಿತ್ಸೆ ಫಲಿಸಲಿಲ್ಲವೆನ್ನುವುದು ತರವಲ್ಲ. ಹಾಗೆಯೇ ಬೆರಳ ತುದಿಗೆ ಬಣ್ಣ ಬರಲಿಲ್ಲವೆಂದು ವೈದ್ಯರನ್ನು ದೂರುವುದೂ ತರವಲ್ಲ. ಬಣ್ಣ ಮರಳಿದ ಮೇಲೆ ಎಲ್ಲವನ್ನೂ ನಿಲ್ಲಿಸಿಬಿಟ್ಟರೆ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 40 ಮಂದಿಗೆ ಮಚ್ಚೆ ಮತ್ತೆ ಮೂಡುವುದೆಂದು ಕಂಡುಬಂದಿದೆ. ವಾರಕ್ಕೆ ಎರಡು ಬಾರಿ ಟ್ಯಾಕ್ರೊಲಿಮಸ್ ಹಚ್ಚುತ್ತ ಹೋದವರಲ್ಲಿ ಈ ಸಂಖ್ಯೆ 10ಕ್ಕೆ ಇಳಿಯಿತು. ಗುಣವಾದ ಮೇಲೂ ಸ್ವಲ್ಪ ಕಾವಲು ಬೇಕೆಂಬುದು ಇದರ ಅರ್ಥ.

ಮೂರು ವಾರದಲ್ಲಿ ಸಂಪೂರ್ಣ ಗುಣವೆಂದು ಸಾರುವ ಜಾಹೀರಾತುಗಳ ಬೆಲೆ ಎಷ್ಟೆಂಬುದು ಇದರಿಂದಲೇ ವಿಶದವಾಗುತ್ತದೆ. ತೊನ್ನನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದೇ ನಮ್ಮ ದೇಶದಲ್ಲಿ ಅಪರಾಧವೆಂಬುದು ಬಹು ಮಂದಿಗೆ ತಿಳಿಯದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪಟ್ಟಿಯಲ್ಲಿ ತೊನ್ನಿನ ಹೆಸರೂ ಸೇರಿದೆ. ಗೋಡೆಯ ಮೇಲೆ ಬರೆದು ಕರೆಯುವವನು ಮೊದಲ ಹೆಜ್ಜೆಯಲ್ಲಿಯೇ ಕಾನೂನನ್ನು ಮುರಿದಿದ್ದಾನೆ. ಅವನ ಕೈಗೆ ಮಗಳ ಚರ್ಮವನ್ನು ಒಪ್ಪಿಸುವ ಮೊದಲು ಇದನ್ನು ನೆನೆಯಬೇಕು.

ಮದುವೆಯ ಮಾತು

ಕೊನೆಗೆ, ಎಲ್ಲರ ಮನಸ್ಸಿನಲ್ಲಿದ್ದು ಯಾರೂ ಎತ್ತದ ವಿಷಯ. ತೊನ್ನುಳ್ಳ ಹೆಣ್ಣನ್ನು ತರಬಹುದೆ? ತೊನ್ನುಳ್ಳ ಗಂಡಿಗೆ ಕೊಡಬಹುದೆ?

ವೈದ್ಯಶಾಸ್ತ್ರದ ಉತ್ತರ ಸರಳವಾಗಿದೆ. ಅದು ಸಂಗಾತಿಗೆ ಅಂಟುವುದಿಲ್ಲ. ಗರ್ಭಕ್ಕೆ, ಹೆರಿಗೆಗೆ, ಆಯುಸ್ಸಿಗೆ ಅದರಿಂದ ಅಡ್ಡಿಯಿಲ್ಲ. ಹತ್ತಿರದ ರಕ್ತಸಂಬಂಧಿಗಳಲ್ಲಿ ಬರುವ ಸಂಭವ ಎಷ್ಟೆಂಬುದನ್ನು ಆಗಲೇ ಹೇಳಿದ್ದೇವೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಬರುವುದಿಲ್ಲ. ಸಕ್ಕರೆ ಕಾಯಿಲೆಯ ಮನೆತನದಿಂದ ಹೆಣ್ಣು ತರುವಾಗ ನಾವು ಇಷ್ಟು ಲೆಕ್ಕ ಹಾಕುವುದಿಲ್ಲ. ಆ ಕಾಯಿಲೆಯಾದರೋ ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಮುಟ್ಟುವಂಥದು. ಕಾನೂನಿನ ಉತ್ತರವೂ ಸರಳ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠರೋಗವನ್ನು ವಿಚ್ಛೇದನೆಗೆ ಕಾರಣವೆಂದು ಹೆಸರಿಸಿದ್ದರು. ಅದನ್ನು ಸಹ 2019ರಲ್ಲಿ ತೆಗೆದುಹಾಕಲಾಯಿತು. ತೊನ್ನಿನ ಹೆಸರು ಅಲ್ಲಿ ಎಂದೂ ಇರಲಿಲ್ಲ.

ಹಾಗೆಂದು ಮುಚ್ಚಿಟ್ಟು ಮದುವೆ ಮಾಡುವುದು ಸರಿಯಲ್ಲ. ನಿಶ್ಚಿತಾರ್ಥಕ್ಕೆ ಮೊದಲೇ ವಿಷಯವನ್ನು ನೇರವಾಗಿ ಹೇಳಿ, ಬೇಕಾದರೆ ಎರಡು ಮನೆಯವರೂ ಒಟ್ಟಿಗೆ ವೈದ್ಯರನ್ನು ಕಂಡು ಮಾತನಾಡುವುದು ಮೇಲು. ಒಪ್ಪದವರು ಆಗಲೇ ಹಿಂದೆ ಸರಿಯುತ್ತಾರೆ. ಒಪ್ಪಿ ಬಂದವರು ತಿಳಿದು ಬಂದಿರುತ್ತಾರೆ. ತೋಳುದ್ದದ ರವಿಕೆಯಲ್ಲಿ ಅಡಗಿಸಿಟ್ಟ ಮಚ್ಚೆ ಮದುವೆಯ ಮರುದಿನ ಬಯಲಾದಾಗ ಮುರಿಯುವುದು ನಂಬಿಕೆ. ಅದಕ್ಕೆ ಯಾವ ದೀಪದಲ್ಲಿಯೂ ಚಿಕಿತ್ಸೆಯಿಲ್ಲ.

ಲೋಕವಿಖ್ಯಾತ ಗಾಯಕ ಮೈಕೇಲ್ ಜ್ಯಾಕ್ಸನ್ನನ ಬಣ್ಣ ಬದಲಾದಾಗ, ಬಿಳಿಯನಾಗುವ ಹಂಬಲದಿಂದ ಅವನು ಏನೋ ಮಾಡಿಸಿಕೊಂಡನೆಂದು ಜನ ಆಡಿಕೊಂಡರು. ತನಗೆ ಚರ್ಮದ ಬಣ್ಣವನ್ನು ಕೆಡಿಸುವ ರೋಗವಿದೆಯೆಂದು ಅವನು 1993ರಲ್ಲಿ ದೂರದರ್ಶನದ ಸಂದರ್ಶನದಲ್ಲಿ ಹೇಳಿದರೂ ನಂಬದವರೇ ಹೆಚ್ಚು. 2009ರ ಜೂನ್ 25ರಂದು ಅವನು ತೀರಿಕೊಂಡ ಮೇಲೆ ನಡೆದ ಶವಪರೀಕ್ಷೆ ಅವನ ಮಾತು ನಿಜವೆಂದು ತೋರಿಸಿತು. ಪ್ರತಿವರ್ಷ ಅದೇ ದಿನವನ್ನು ಈಗ ವಿಶ್ವ ತೊನ್ನು ದಿನವೆಂದು ಆಚರಿಸುತ್ತಾರೆ. ಅಷ್ಟು ಕೀರ್ತಿ, ಅಷ್ಟು ಐಶ್ವರ್ಯಗಳಿದ್ದವನ ಮಾತನ್ನೇ ಲೋಕ ನಂಬಲಿಲ್ಲವೆಂದ ಮೇಲೆ, ಶಾಲೆಯ ಬೆಂಚಿನ ಮೇಲೆ ಒಂಟಿಯಾಗಿ ಕುಳಿತ ಹುಡುಗಿಯ ಪಾಡನ್ನು ನಾವು ಊಹಿಸಬಹುದು.

ಮನೆಯವರಿಗೆ ಕೆಲವು ಸೂಚನೆಗಳು

ಬಿಳಿಯ ಮಚ್ಚೆ ಕಂಡರೆ ವಾರಗಳನ್ನೆಣಿಸದೆ ಚರ್ಮರೋಗ ತಜ್ಞರಿಗೆ ತೋರಿಸಿರಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಮೊದಲ ದಿನವೇ ಮಚ್ಚೆಯ ಛಾಯಾಚಿತ್ರ ತೆಗೆದಿಡಿರಿ. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಮತ್ತೆ ತೆಗೆಯಿರಿ. ದಿನವೂ ನೋಡುವ ಕಣ್ಣಿಗೆ ಕಾಣದ ಸುಧಾರಣೆ ಚಿತ್ರದಲ್ಲಿ ಕಾಣುತ್ತದೆ. ಬಣ್ಣವಿಲ್ಲದ ಚರ್ಮ ಬೇಗ ಸುಡುವುದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಕೊಡೆ, ತುಂಬುತೋಳಿನ ಬಟ್ಟೆ, ಬಿಸಿಲು ತಡೆಯುವ ಲೇಪಗಳನ್ನು ಬಳಸಿರಿ. ಸಮಾರಂಭಗಳಿಗೆ ಹೋಗುವಾಗ ಚರ್ಮದ ಬಣ್ಣಕ್ಕೆ ಹೊಂದುವ ಲೇಪದಿಂದ ಮಚ್ಚೆಯನ್ನು ಮರೆಮಾಡಿಕೊಳ್ಳಲು ಮಗಳು ಇಚ್ಛೆಪಟ್ಟರೆ ಬೇಡವೆನ್ನಬೇಡಿರಿ. ಇಚ್ಛೆಪಡದಿದ್ದರೆ ಬಲವಂತ ಮಾಡಬೇಡಿರಿ.

ಎಲ್ಲಕ್ಕಿಂತ ಮಿಗಿಲಾಗಿ, ಮಗುವಿನ ಮುಂದೆ ದನಿ ತಗ್ಗಿಸಬೇಡಿರಿ. ಸಹಪಾಠಿಗಳು ಏನೆಂದು ಕೇಳಿದರೆ, “ಇಲ್ಲಿ ಬಣ್ಣದ ಜೀವಕೋಶ ಇಲ್ಲ, ಅಂಟುವುದಿಲ್ಲ, ಔಷಧ ತೆಗೆದುಕೊಳ್ಳುತ್ತಿದ್ದೇನೆ” ಎಂಬ ಒಂದು ವಾಕ್ಯವನ್ನು ಅದಕ್ಕೆ ಕಲಿಸಿಕೊಡಿರಿ. ಅಧ್ಯಾಪಕರಿಗೂ ಅಷ್ಟನ್ನೇ ತಿಳಿಸಿರಿ. ಔಷಧವು ಎಷ್ಟು ಬಣ್ಣವನ್ನು ಹಿಂದಕ್ಕೆ ತಂದೀತೆಂಬುದನ್ನು ಯಾವ ವೈದ್ಯರೂ ಮುಂಚಿತವಾಗಿ ಹೇಳಲಾರರು. ಮಗುವು ತಲೆಯೆತ್ತಿ ನಡೆಯುವುದೋ ತಗ್ಗಿಸಿ ನಡೆಯುವುದೋ ಎಂಬುದು ಮಾತ್ರ ಬಹುಪಾಲು ಮನೆಯವರ ಕೈಯಲ್ಲಿಯೇ ಇದೆ.